ಜುಟ್ಟಿಯ ವಯಸ್ಸು

ಕೌಸಲ್ಯಾಗೆ ನಲವತ್ತೊಂಬತ್ತು ತುಂಬಿದ ವಾರವೇ ಮಂಜೂರ್ ಎಂಬ ರಂಗನಿರ್ದೇಶಕ ಕೊಡಿಗೇಹಳ್ಳಿಯ ಮನೆಗೆ ಬಂದು, ಅವಳನ್ನು ಎಂಟು ವರ್ಷದ ಹುಡುಗಿಯಾಗಿ ರಂಗದ ಮೇಲೆ ಹಾಡಿಸಿ ಕುಣಿಸುವ ವಿಚಾರ ತೆಗೆದ. ಭಾನುವಾರದ ಮಧ್ಯಾಹ್ನ. ಅವಳು ಅಪ್ಪನಿಗೆಂದು ಸಾರನ್ನವನ್ನು ಮೆತ್ತಗೆ ಹಿಸುಕುತ್ತಿದ್ದಳು. ಅನ್ನ ಮೆತ್ತಿದ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಕೇಳಿಸಿಕೊಂಡಳು.

ಅವಳ ಅಪ್ಪ ಸೇತುರಾಮ ಒಂದು ದಿನಪತ್ರಿಕೆಗೆ ಇಪ್ಪತ್ತಾರು ವರ್ಷ ‘ಜುಟ್ಟಿ’ ಎಂಬ ಕಾರ್ಟೂನ್ ಬರೆದವರು. ದಿನಕ್ಕೆ ಮೂರು ಚೌಕ, ಭಾನುವಾರ ಆರು. ನೆತ್ತಿಯ ಮೇಲೆ ಕಾರಂಜಿಯಂತೆ ಚಿಮ್ಮುವ ಒಂಟಿ ಜುಟ್ಟಿನ ಹುಡುಗಿ, ಅವಳ ತರಲೆ ಪ್ರಶ್ನೆಗಳು, ಎಷ್ಟು ಕಾಡಿದರೂ ಸಿಟ್ಟಾಗದ ಅವಳ ಅಪ್ಪ. ಸರಣಿ ಶುರುವಾದಾಗ ಕೌಸಲ್ಯಾಗೆ ಎಂಟು ವರ್ಷ, ತಲೆಯ ಮೇಲೆ ಅಂಥದೇ ಜುಟ್ಟು. ಆಮೇಲೆ ಅವಳು ಹೈಸ್ಕೂಲಿಗೆ ಹೋದಳು, ಬಿ.ಕಾಂ. ಮುಗಿಸಿದಳು, ಯಶವಂತಪುರದ ಸಹಕಾರಿ ಬ್ಯಾಂಕು ಸೇರಿದಳು. ಗೊತ್ತಾಗಿದ್ದ ಒಂದು ಮದುವೆ ಮುರಿಯಿತು, ಅಮ್ಮ ಮೂರು ವರ್ಷ ಹಾಸಿಗೆ ಹಿಡಿದು ತೀರಿಕೊಂಡಳು. ಜುಟ್ಟಿ ಮಾತ್ರ ಎಂಟಕ್ಕೇ ನಿಂತುಬಿಟ್ಟಿದ್ದಳು. ಬ್ಯಾಂಕಿನ ಹಳೆಯ ಗ್ರಾಹಕರು ಈಗಲೂ ಗಾಜಿನೊಳಗೆ ಇಣುಕಿ, ಜುಟ್ಟಿ ಅಂದರೆ ನೀವೇ ಅಲ್ಲವೇ ಎಂದು ಕೇಳಿ, ಹೌದೆಂದರೆ ಅವಳ ನರೆತ ಬೈತಲೆಯನ್ನೊಮ್ಮೆ ನೋಡಿ ಸ್ವಲ್ಪ ನಿರಾಸೆಯಿಂದ ಹೋಗುತ್ತಿದ್ದರು.

ಎರಡು ವರ್ಷದ ಹಿಂದೆ ಸೇತುರಾಮರಿಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಗಿತ್ತು. ಮಾತು ನಿಧಾನ, ಆದರೆ ಸ್ಪಷ್ಟ. ಹಗಲು ಹಳ್ಳಿಯ ಕಡೆಯಿಂದ ಮುನಿಯಲ್ಲಮ್ಮ ಬಂದು ನೋಡಿಕೊಳ್ಳುತ್ತಿದ್ದಳು. ಸಂಜೆ ಆರಕ್ಕೆ ಕೌಸಲ್ಯಾ ಬಂದರೆ ಮರುದಿನ ಬೆಳಿಗ್ಗೆ ಎಂಟರವರೆಗೆ ಎಲ್ಲವೂ ಅವಳದೇ. ತಮ್ಮ ಕಶ್ಯಪ್ ಹೆಂಡತಿ ರಂಜನಿಯ ಜೊತೆ ಮಹಡಿಯ ಮೇಲಿದ್ದ. ರಾತ್ರಿ ಊಟದ ಹೊತ್ತಿಗೆ ಕೆಳಗಿಳಿದು, ಅಪ್ಪನ ಪಕ್ಕದಲ್ಲಿ ಕೂತು ಕ್ರಿಕೆಟ್ ನೋಡಿ, ಅವಳು ಮಾಡಿದ್ದನ್ನು ಉಂಡು, ಡಾಕ್ಟರ ಹತ್ತಿರ ಯಾವಾಗ ಹೋಗಬೇಕೆಂದು ಕೇಳಿ ಮೇಲೆ ಹೋಗುತ್ತಿದ್ದ. ಕೆಟ್ಟವನಲ್ಲ. ಯಾವಾಗ ಎಂದು ಕೇಳುತ್ತಿದ್ದ, ಕರೆದುಕೊಂಡು ಹೋಗುತ್ತಿದ್ದವಳು ಇವಳು.

ಮಂಜೂರ್ ಆರ್.ಟಿ. ನಗರದವನು, ಮೂವತ್ತರ ಆಸುಪಾಸು. ಹುಡುಗನಾಗಿದ್ದಾಗ ಅವನ ಅಜ್ಜಿ ಬದರುನ್ನೀಸಾ ‘ಜುಟ್ಟಿ’ಯಲ್ಲೇ ಅವನಿಗೆ ಕನ್ನಡ ಓದಲು ಕಲಿಸಿದ್ದಳಂತೆ. ನಾಟಕದಲ್ಲಿ ಹನ್ನೊಂದು ಹಾಡು, ಹಿಂದೆ ಪರದೆಯ ಮೇಲೆ ಸೇತುರಾಮರ ಚಿತ್ರಗಳು, ಒಂದು ಬದಿಯಲ್ಲಿ ಮೇಜು ಹಾಕಿಕೊಂಡು ಬರೆಯುತ್ತ ಕೂತ ಅಪ್ಪ, ಇನ್ನೊಂದು ಬದಿಯಲ್ಲಿ ಜುಟ್ಟಿಯ ಪ್ರಪಂಚ. ಅದನ್ನೆಲ್ಲ ಕೇಳುತ್ತಿದ್ದ ಹಾಗೆ ಸೇತುರಾಮರ ಮುಖ ಎರಡು ವರ್ಷದಲ್ಲಿ ಕಾಣದಷ್ಟು ಅರಳಿತು. ಎಡಗೈ ಎತ್ತಿ ಒಳಗಿದ್ದ ಮಗಳನ್ನು ಕರೆದರು.

“ಜುಟ್ಟಿ, ಇವರಿಗೆ ಕಾಫಿ ಕೊಡೆ.”

ಅದೇ ವಾರ ಬ್ಯಾಂಕಿನಲ್ಲಿ ಅವಳ ಕೈಗೆ ಒಂದು ಪತ್ರ ಬಂದಿತ್ತು. ತುಮಕೂರು ಶಾಖೆಗೆ ಮ್ಯಾನೇಜರ್ ಆಗಿ ಬಡ್ತಿ, ಒಪ್ಪಿಗೆಯನ್ನು ಒಂದು ತಿಂಗಳೊಳಗೆ ತಿಳಿಸಬೇಕು. ಇದು ಮೂರನೆಯ ಸಲ. ಮೊದಲನೆಯದು ಅಮ್ಮನ ಕಾಯಿಲೆಗೆ ಹೋಯಿತು, ಎರಡನೆಯದು ಅಪ್ಪನ ಸ್ಟ್ರೋಕಿಗೆ. ಇನ್ನೊಮ್ಮೆ ಬರುವುದಿಲ್ಲ ಎಂದು ಪತ್ರ ಕೊಟ್ಟ ಅಧಿಕಾರಿ ಮೆಲ್ಲಗೆ ಹೇಳಿದ್ದರು. ಅವಳು ಅದನ್ನು ಮಡಿಸಿ ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡಳು. ಮನೆಯಲ್ಲಿ ಹೇಳಲಿಲ್ಲ. ಹೇಳುವುದಕ್ಕೆ ಹೊತ್ತೂ ಸಿಗಲಿಲ್ಲ, ಏಕೆಂದರೆ ಅಲ್ಲಿಂದಾಚೆಗೆ ಮನೆಯ ತುಂಬ ನಾಟಕವೇ ಆಯಿತು.

ಶನಿವಾರ ಸಂಜೆಗಳಂದು ತಂಡದವರು ಹಾರ್ಮೋನಿಯಂ, ಕೀಬೋರ್ಡು ಹೊತ್ತು ಬರತೊಡಗಿದರು. ಹೊಸ ಹಾಡನ್ನು ಮೊದಲು ಸೇತುರಾಮರೇ ಕೇಳಬೇಕೆಂದು ಮಂಜೂರನ ಆಸೆ. ಒಂಬತ್ತು ಹತ್ತು ಜನಕ್ಕೆ ಎರಡೆರಡು ಸಲ ಕಾಫಿ, ಮಧ್ಯೆ ಚಿತ್ರಾನ್ನವೋ ಉಪ್ಪಿಟ್ಟೋ. ಸೇತುರಾಮರು ಶುಕ್ರವಾರ ಸಂಜೆಯಿಂದಲೇ ತಯಾರಿ ಶುರು ಮಾಡುವರು. ಶೇವ್ ಆಗಬೇಕು, ಉಗುರು ತೆಗೆಯಬೇಕು, ಇಸ್ತ್ರಿಯಾದ ಬಿಳಿ ಅಂಗಿಯೇ ಬೇಕು. ಹಾಡು ಮುಗಿದು ಎಲ್ಲರೂ ಹೋದ ಮೇಲೆ ಕೌಸಲ್ಯಾ ಲೋಟ ತೊಳೆದು, ಚಾಪೆ ಕೊಡವಿ, ದಣಿದ ಅಪ್ಪನ ಬಟ್ಟೆ ಬದಲಿಸಿ ಮಲಗಿಸುವಳು. ಒಂದು ಶನಿವಾರ ರಂಜನಿ ಕೆಳಗೆ ಬಂದು ಸಿಂಕಿನಲ್ಲಿ ರಾಶಿ ಬಿದ್ದ ಲೋಟ ನೋಡಿ, ಪೇಪರ್ ಕಪ್ಪು ತರಿಸಬಾರದೇ ಅಕ್ಕ ಎಂದಳು. ತರಿಸು ಎಂದಳು ಕೌಸಲ್ಯಾ. ಮುಂದಿನ ಶನಿವಾರ ರಂಜನಿಗೆ ತಾನು ಪಾಠ ಮಾಡುವ ಶಾಲೆಯಲ್ಲಿ ಪೋಷಕರ ಸಭೆಯಿತ್ತು, ಕಪ್ಪು ಬರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಹುರುಪು ಕಶ್ಯಪನಿಗೆ. ಅವನು ಹುಟ್ಟಿ ಬೆಳೆದರೂ ಕಾರ್ಟೂನಿನಲ್ಲಿ ಜುಟ್ಟಿಗೊಬ್ಬ ತಮ್ಮ ಹುಟ್ಟಲೇ ಇಲ್ಲ. ಚಿಕ್ಕವನಿದ್ದಾಗ ಅದಕ್ಕಾಗಿ ಅತ್ತಿದ್ದನಂತೆ. ಈಗ ಯಲಹಂಕದ ಸಭಾಂಗಣ ಗೊತ್ತುಮಾಡಿದವನು ಅವನೇ, ಅಪ್ಪನ ಹಳೆಯ ಸಹೋದ್ಯೋಗಿಗಳಿಗೆಲ್ಲ ಫೋನು ಮಾಡಿದವನೂ ಅವನೇ. ನಾಟಕದ ಕೊನೆಗೆ ಅಪ್ಪನನ್ನೂ ಅಕ್ಕನನ್ನೂ ರಂಗದ ಮೇಲೆ ಕರೆಯಬೇಕು, ಪುಟ್ಟ ಜುಟ್ಟಿ ಓಡಿಬಂದು ದೊಡ್ಡ ಜುಟ್ಟಿಯ ಕೈ ಹಿಡಿಯಬೇಕು ಎಂಬ ಏರ್ಪಾಡು ಕೂಡ ಅವನ ತಲೆಯದೇ. ಕೌಸಲ್ಯಾ ನೋಡೋಣ ಎಂದಷ್ಟೇ ಹೇಳಿದ್ದಳು.

ಜುಟ್ಟಿಯ ಪಾತ್ರಕ್ಕೆ ಸಿಕ್ಕಿದ್ದ ಹುಡುಗಿಯ ಹೆಸರು ಸಂಯುಕ್ತಾ. ಜಾಲಹಳ್ಳಿಯ ಕಡೆಯವಳು, ಹತ್ತು ವರ್ಷ, ಒಳ್ಳೆಯ ಕಂಠ. ಮೂರನೆಯ ಶನಿವಾರ ಅವಳು ದೊಡ್ಡವರ ನಡುವಿಂದ ಎದ್ದು ಅಡುಗೆಮನೆಗೆ ಬಂದಳು. ಕೌಸಲ್ಯಾ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಹುಡುಗಿಯೂ ಎದುರಿಗೆ ಕೂತು ಬಿಡಿಸತೊಡಗಿತು. ಹುಳು ಕಂಡರೆ ಹೆದರಲಿಲ್ಲ, ಬೆರಳಿನಿಂದ ಚಿಮ್ಮಿ ಆಚೆ ಹಾಕಿತು.

“ಆಂಟಿ, ಒಂಬತ್ತು ಮಾರ್ಕ್ಸ್ ಸೀನಲ್ಲಿ ನಾನು ದೋಸೆ ತಿನ್ಬೇಕು. ಸರ್ ಹೇಳಿದ್ರು, ಆಗ ಹೇಗನ್ನಿಸ್ತು ಅಂತ ನಿಮ್ಮನ್ನ ಕೇಳ್ಕೊಂಡು ಬಾ ಅಂತ.”

ಆ ಒಂಬತ್ತು ಮಾರ್ಕ್ಸಿನದು ‘ಜುಟ್ಟಿ’ಯಲ್ಲೇ ಎಲ್ಲಕ್ಕಿಂತ ಹೆಸರಾದ ಭಾನುವಾರ. ಗಣಿತದಲ್ಲಿ ನೂರಕ್ಕೆ ಒಂಬತ್ತು ತೆಗೆದುಕೊಂಡು ಹುಡುಗಿ ಹೆದರುತ್ತ ಮನೆಗೆ ಬರುತ್ತಾಳೆ. ಅಪ್ಪ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಸೊನ್ನೆಯಿಂದ ಒಂಬತ್ತು ಹೆಜ್ಜೆ ಮುಂದೆ ಬಂದಿದ್ದೀಯಲ್ಲ ಮರಿ ಎಂದು ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆದೋಸೆ ಕೊಡಿಸುತ್ತಾನೆ. ಎಷ್ಟೋ ಮನೆಗಳಲ್ಲಿ ಜನ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದರು. ಕೌಸಲ್ಯಾಳ ಶಾಲೆಯ ಫಲಕದ ಮೇಲೂ ಟೀಚರು ಅಂಟಿಸಿದ್ದರು. ದೋಸೆ ಯಾವ ಹೋಟೆಲಿನದು ಎಂದು ಗೆಳತಿಯರು ಕೇಳಿದಾಗ ಹತ್ತು ವರ್ಷದ ಕೌಸಲ್ಯಾ ಒಂದು ಹೋಟೆಲಿನ ಹೆಸರು ಹೇಳಿದ್ದಳು. ಅಂದಿನಿಂದ ಯಾರು ಕೇಳಿದರೂ ಅದೇ ಹೆಸರು ಹೇಳಿಕೊಂಡು ಬಂದಿದ್ದಳು.

ಅವತ್ತು ಯಾಕೋ ಹೇಳಲಾಗಲಿಲ್ಲ. ಬೆಳಿಗ್ಗೆ ಐದರಿಂದ ನಿಂತ ಕಾಲು ನೋಯುತ್ತಿತ್ತು, ಅದೂ ಇರಬಹುದು.

“ಗೊತ್ತಿಲ್ಲ ಮರಿ,” ಎಂದಳು. “ನಾನು ದೋಸೆ ತಿನ್ಲಿಲ್ಲ. ನಮ್ಮಪ್ಪ ಮರದ ಸ್ಕೇಲಲ್ಲಿ ಎರಡೇಟು ಹೊಡೆದ್ರು.”

ಹುಡುಗಿ ಕೈಯಲ್ಲಿದ್ದ ಕಾಯನ್ನು ಬಿಡಿಸಿ ಮುಗಿಸಿತು. ಆಮೇಲೆ, ನಮ್ಮಮ್ಮನೂ ಹೊಡೀತಾಳೆ ಎಂದು ಹೇಳಿ ಮುಂದಿನ ಕಾಯಿ ಎತ್ತಿಕೊಂಡಿತು.

ಎರಡು ದಿನ ಕಳೆದು ಸೋಮವಾರ ಸಂಜೆ ಮಂಜೂರ್ ಒಬ್ಬನೇ ಬಂದ. ಊಟದ ಮೇಜಿನ ಸುತ್ತ ಎಲ್ಲರೂ ಇದ್ದರು. ಬೇಳೆ ಹುಳಿ, ಬೀನ್ಸ್ ಪಲ್ಯ. ಅವನಿಗೂ ತಟ್ಟೆ ಹಾಕಿದರು. ಅವನು ಎರಡು ತುತ್ತು ತಿಂದು, ಸಂಕೋಚದಿಂದಲೇ ಆದರೆ ಒಳಗಿನ ಉತ್ಸಾಹ ತಡೆಯಲಾಗದೆ, ಸಂಯುಕ್ತಾ ಹೇಳಿದ್ದನ್ನು ಹೇಳಿದ. ನಿಜವೇ ಆಗಿದ್ದರೆ ನಾಟಕಕ್ಕೆ ಅದರಂಥ ದೃಶ್ಯ ಇನ್ನೊಂದಿಲ್ಲ. ಒಂದು ಬದಿಯಲ್ಲಿ ಏಟು, ಇನ್ನೊಂದು ಬದಿಯಲ್ಲಿ ದೋಸೆ. ಹೊಡೆದ ಕೈಯೇ ಬರೆಯುತ್ತದೆ. ಇದು ಜುಟ್ಟಿಯ ನಾಟಕ ಮಾತ್ರವಲ್ಲ, ಒಬ್ಬ ಕಲಾವಿದನ ನಾಟಕವಾಗುತ್ತದೆ.

ಕಶ್ಯಪ್ ತಟ್ಟೆಯಲ್ಲೇ ಕೈ ಬಿಟ್ಟು ಅಕ್ಕನನ್ನು ನೋಡಿದ.

“ಇದನ್ನ ಆ ಮಗು ಹತ್ರ ಹೇಳೋ ಅವಶ್ಯಕತೆ ಏನಿತ್ತು? ನೂರಾರು ಜನ ಬರ್ತಾರೆ. ಅಪ್ಪನ ಕಾರ್ಟೂನ್ ನೋಡ್ಕೊಂಡು ಮಕ್ಕಳನ್ನ ಸಾಕಿದೋರು ಬರ್ತಾರೆ. ಅವರ ಮುಂದೆ ಅಪ್ಪ ಮಕ್ಕಳಿಗೆ ಹೊಡೀತಿದ್ರು ಅಂತ ತೋರಿಸ್ಬೇಕಾ?”

“ತೋರಿಸಿ ಅಂತ ನಾನು ಹೇಳ್ಲಿಲ್ಲ.”

“ಮತ್ತೆ? ಈ ವಯಸ್ಸಲ್ಲಿ, ಈ ಸ್ಥಿತೀಲಿ ಅವರಿಗೆ ಒಂದು ಖುಷಿ ಸಿಕ್ಕಿದೆ. ನಿನಗೇನಕ್ಕ ಕಷ್ಟ ಅದರಿಂದ?”

ಕೌಸಲ್ಯಾ ಅಪ್ಪನ ಗಲ್ಲದ ಮೇಲೆ ಇಳಿದಿದ್ದ ಹುಳಿಯನ್ನು ಒರೆಸುತ್ತಿದ್ದಳು. ಒರೆಸುವುದನ್ನು ಮುಗಿಸಿಯೇ ಮಾತಾಡಿದಳು. “ಅವರಿಗೆ ಖುಷಿ ಸಿಗೋಕೆ ಶುಕ್ರವಾರ ಶೇವ್ ಮಾಡೋದು ಯಾರು? ನೀನೊಂದಿನ ಮಾಡು, ಆಮೇಲೆ ನನ್ನ ಕಷ್ಟ ಕೇಳು.”

ರಂಜನಿ ಗಂಡನಿಗೆ ಸಾಕು ಎಂಬಂತೆ ಕಣ್ಣು ಮಾಡಿದಳು. ಎಲ್ಲರೂ ಸೇತುರಾಮರನ್ನು ನೋಡಿದರು. ಅವರು ಎಡಗೈಯಲ್ಲಿ ಚಮಚ ಹಿಡಿದು ತಟ್ಟೆಯ ಅಂಚಿನ ಒಂದು ಬೀನ್ಸ್ ಚೂರನ್ನು ಅತ್ತಿತ್ತ ತಳ್ಳುತ್ತಿದ್ದರು.

“ನನಗೆ ನೆನಪಿಲ್ಲ,” ಎಂದರು.

ಕೌಸಲ್ಯಾ ಮಂಜೂರನ ಕಡೆ ತಿರುಗಿದಳು. ಅವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

“ಏಟು ಹಾಕ್ಬೇಡಿ ಮಂಜೂರ್. ದೋಸೇನೇ ಇರ್ಲಿ, ಜನ ಅದನ್ನೇ ನೋಡೋಕ್ ಬರ್ತಾರೆ. ನನ್ನ ಹಲ್ಲು ಬಿದ್ದಿದ್ದು, ನಾನು ಹಾಸಿಗೆ ಒದ್ದೆ ಮಾಡಿದ್ದು, ಎಲ್ಲಾ ಊರಿಗೆ ಹಂಚಿ ಆಗಿದೆ. ಇದೊಂದು ನಂದಾಗೇ ಇರ್ಲಿ.”

ಮಂಜೂರ್ ತಲೆ ತಗ್ಗಿಸಿ, ಸರಿ ಮೇಡಂ ಎಂದ. ಊಟ ಮುಗಿಸಿ ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟು ಹೋದ. ಆ ಮನೆಯ ಮೇಜಿನಿಂದೆದ್ದ ಗಂಡಸೊಬ್ಬ ತಟ್ಟೆ ತೊಳೆದದ್ದನ್ನು ಕೌಸಲ್ಯಾ ಮೊದಲ ಸಲ ನೋಡಿದಳು.

ಆ ವಾರವಿಡೀ ಕಶ್ಯಪ್ ಕೆಳಗೆ ಊಟಕ್ಕೆ ಬರಲಿಲ್ಲ. ಸೇತುರಾಮರು ಮಗಳ ಜೊತೆ ಬೇಕು ಬೇಡ ಎಂಬಷ್ಟೇ ಆಡಿದರು. ಗುರುವಾರ ಅವಳು ಅರ್ಧ ದಿನ ರಜೆ ಹಾಕಿ ಅಪ್ಪನನ್ನು ಫಿಸಿಯೋಥೆರಪಿಗೆ ಕರೆದೊಯ್ದು ತಂದಳು. ಗಾಲಿಕುರ್ಚಿಯನ್ನು ಆಟೋಗೆ ಹತ್ತಿಸಿ ಇಳಿಸಿ ಸೊಂಟ ಹಿಡಿದುಕೊಂಡಿತ್ತು. ಮನೆಗೆ ಬಂದು ಮೆಟ್ಟಿಲ ಮೇಲೆ ಹಾಗೆಯೇ ಕೂತುಬಿಟ್ಟಳು. ಮುನಿಯಲ್ಲಮ್ಮ ಪಕ್ಕದಲ್ಲಿ ಕೂತು ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು. ಕೌಸಲ್ಯಾ ಅವಳ ಹತ್ತಿರ ಪತ್ರದ ವಿಷಯ ಹೇಳಿದಳು. ಯಾರಿಗಾದರೂ ಹೇಳಬೇಕಾಗಿತ್ತು.

“ದಿನಾ ಓಗಿ ಬರೋಕಾಗಲ್ವಾ?”

“ಗೊರಗುಂಟೆಪಾಳ್ಯದಲ್ಲಿ ಬಸ್ ಹಿಡಿದ್ರೂ ಬ್ಯಾಂಕ್ ಮುಗಿಸಿ ಬರೋಷ್ಟರಲ್ಲಿ ಒಂಬತ್ತಾಗುತ್ತೆ. ಅಲ್ಲೇ ರೂಮ್ ಮಾಡ್ಬೇಕು. ಶನಿವಾರ ಬಂದು ಸೋಮವಾರ ಹೋಗೋದು.”

“ಓಗವ್ವ ಮತ್ತೆ. ನಾನು ರಾತ್ರಿ ಏಳರಗಂಟ ಇರ್ತೀನಿ. ಆಮೇಕೆ ಮಗ ಇಲ್ವಾ? ಮೇಲ್ಗಡೆಯಿಂದ ಇಳಿದು ಬರೋಕೆ ಬಸ್ ಬೇಕಾ ಅವರಿಗೆ?”

ಕೌಸಲ್ಯಾಗೆ ನಗು ಬಂತು. ನಕ್ಕು ಬಹಳ ದಿನವಾಗಿತ್ತು, ಕೆನ್ನೆ ಎಳೆದಂತಾಯಿತು. ಮರುದಿನ ಬ್ಯಾಂಕಿಗೆ ಹೋದ ಕೂಡಲೇ ಒಪ್ಪಿಗೆಗೆ ಸಹಿ ಹಾಕಿ ಕೊಟ್ಟಳು.

ನಾಟಕ ಭಾನುವಾರ ಮಧ್ಯಾಹ್ನ ಮೂರಕ್ಕೆ. ಸಭಾಂಗಣ ತುಂಬಿ, ಮೆಟ್ಟಿಲ ಮೇಲೂ ಜನ ಕೂತಿದ್ದರು. ಮುಂದಿನ ಸಾಲಿನಲ್ಲಿ ಕಶ್ಯಪ್, ರಂಜನಿ. ಸಾಲಿನ ತುದಿಯಲ್ಲಿ ಗಾಲಿಕುರ್ಚಿಯಲ್ಲಿ ಸೇತುರಾಮರು, ಅವರ ಪಕ್ಕದಲ್ಲಿ ಕೌಸಲ್ಯಾ. ಸಂಯುಕ್ತಾ ತಲೆಯ ಮೇಲೆ ಜುಟ್ಟು ಕುಣಿಸುತ್ತ ಬಂದ ಕೂಡಲೇ ಜನ ಚಪ್ಪಾಳೆ ಹೊಡೆದರು. ಹುಡುಗಿ ಚೆನ್ನಾಗಿ ಹಾಡಿತು. ಅಪ್ಪನ ಪಾತ್ರದವನು ಎತ್ತರದ, ಮೃದು ದನಿಯ ಯುವಕ. ಅವನು ಹುಡುಗಿಯ ಮಾತು ಕೇಳುವಾಗಲೆಲ್ಲ ಪೆನ್ನು ಕೆಳಗಿಟ್ಟು ಅವಳ ಮುಖ ನೋಡುತ್ತಿದ್ದ. ಅಪ್ಪ ಎಂದೂ ಪೆನ್ನು ಕೆಳಗಿಟ್ಟದ್ದು ಕೌಸಲ್ಯಾಗೆ ನೆನಪಿರಲಿಲ್ಲ. ಆದರೂ ನೋಡುತ್ತ ಕೂತಾಗ ಅವಳ ಕಣ್ಣು ಒಂದೆರಡು ಸಲ ಒದ್ದೆಯಾಯಿತು. ಅಂಥ ಅಪ್ಪ ಸಿಕ್ಕ ಆ ಹುಡುಗಿ ಅದೃಷ್ಟವಂತೆ ಎನ್ನಿಸಿತು.

ಒಂಬತ್ತು ಹೆಜ್ಜೆಯ ಹಾಡು ಶುರುವಾಗುವ ಹೊತ್ತಿಗೆ ಸೇತುರಾಮರು ಅವಳ ಸೆರಗು ಎಳೆದರು. ಬಾತ್‌ರೂಮಿಗೆ ಹೋಗಬೇಕು. ಅವಳು ಬಗ್ಗಿಕೊಂಡು ಗಾಲಿಕುರ್ಚಿಯನ್ನು ತಳ್ಳಿ ಪಕ್ಕದ ಬಾಗಿಲಿನಿಂದ ಹೊರಗೆ ಕರೆತಂದಳು. ಅಂಗವಿಕಲರ ಶೌಚಾಲಯಕ್ಕೆ ಬೀಗ. ಬೀಗದವನನ್ನು ಹುಡುಕಿ, ತೆಗೆಸಿ, ಅಪ್ಪನನ್ನು ಎತ್ತಿ ನಿಲ್ಲಿಸಿ, ಪಂಚೆ ಸರಿಸಿ, ಮುಗಿದ ಮೇಲೆ ತೊಳೆದು, ಮತ್ತೆ ಕುರ್ಚಿಗೆ ಕೂರಿಸುವಷ್ಟರಲ್ಲಿ ಅವಳ ರವಿಕೆಯೆಲ್ಲ ಬೆವರಿಗೆ ನೆನೆದಿತ್ತು. ಗೋಡೆಯಾಚೆಯಿಂದ ಹಾಡು ಕೇಳಿಬರುತ್ತಿತ್ತು. ಜನ ತಾಳ ಹಾಕುತ್ತಿದ್ದರು.

“ತಳ್ಳಬೇಡ,” ಎಂದರು ಸೇತುರಾಮರು. “ಇಲ್ಲೇ ಇರು ಸ್ವಲ್ಪ.”

ಅವಳು ಕಾರಿಡಾರಿನ ಗೋಡೆಗೆ ಒರಗಿ ನಿಂತಳು.

“ನೆನಪಿಲ್ಲ ಅಂದಿದ್ದು ಸುಳ್ಳು. ಅವತ್ತು ಬೆಳಿಗ್ಗೆ ನಾನು ಬರೆದ ಮೂರು ಕಾರ್ಟೂನು ವಾಪಸ್ ಬಂದಿತ್ತು. ಆ ಸಿಟ್ಟೆಲ್ಲ ನಿನ್ನ ಮೇಲೆ ಹೋಯ್ತು.” ಮಾತು ಮಾತಿನ ಮಧ್ಯೆ ಉಸಿರು ಎಳೆದುಕೊಂಡರು. “ಸಂಜೆ ಕೂತು ಆ ದೋಸೆದು ಬರೆದೆ. ಒಂದು ಗೆರೆ ಅಳಿಸ್ಲಿಲ್ಲ. ನಿನಗೆ ಬಾಯಲ್ಲಿ ಹೇಳೋಕ್ ಬರ್ಲಿಲ್ಲ, ಅದಕ್ಕೇ ಬರೆದೆ.”

“ಬರೆದ್ರಿ ಅಪ್ಪ. ನೀವು ಬರೆದಿದ್ದು ನಂಗೆ ಆಗ್ಲೇ ಅರ್ಥ ಆಗಿತ್ತು,” ಎಂದಳು ಕೌಸಲ್ಯಾ. “ಆದ್ರೆ ನಂಗೆ ದೋಸೆ ಬೇಕಿತ್ತು.”

ಒಳಗೆ ಹಾಡು ಮುಗಿದು ಚಪ್ಪಾಳೆ ಬಿತ್ತು. ಸೇತುರಾಮರು ತಮ್ಮ ಸತ್ತ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು. ಈಗಲೇ ಹೇಳದಿದ್ದರೆ ಮುಂದೆಂದೂ ಹೇಳಲಾರೆನೆಂದು ಕೌಸಲ್ಯಾಗೆ ಅನ್ನಿಸಿತು. ತುಮಕೂರಿನ ವಿಷಯ ಹೇಳಿದಳು. ಸಹಿ ಹಾಕಿ ಕೊಟ್ಟಾಯಿತು, ಮುಂದಿನ ತಿಂಗಳು ಒಂದನೇ ತಾರೀಖು ಸೇರಬೇಕು ಎಂದಳು.

ಅವರಿಗೆ ಸಂತೋಷವಾಗಲಿಲ್ಲ. ಮುಖ ಸಣ್ಣದಾಯಿತು, ಹೆದರಿದವರ ಹಾಗೆ.

“ನನ್ನ ಗತಿ?”

“ಮುನಿಯಲ್ಲಮ್ಮ ಏಳರವರೆಗೂ ಇರ್ತಾಳೆ. ಆಮೇಲೆ ಕಶ್ಯಪ್.”

“ಅವನಿಗೆ ಏನೂ ಗೊತ್ತಾಗಲ್ಲ.”

“ಕಲೀತಾನೆ. ನನಗೂ ಗೊತ್ತಿರ್ಲಿಲ್ಲ.”

“ನಾಟಕ ಮುಗಿಯೋವರೆಗಾದ್ರೂ ತಡ್ಕೋಬಹುದಿತ್ತು ನೀನು,” ಎಂದು ಮುಖ ಅತ್ತ ತಿರುಗಿಸಿದರು. ಅವಳು ಕುರ್ಚಿ ತಳ್ಳಿದಳು.

ನಾಟಕ ಮುಗಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಂಡದ ಇಬ್ಬರು ಹುಡುಗರು ಸೇತುರಾಮರನ್ನು ಕುರ್ಚಿಯ ಸಮೇತ ರಂಗದ ಮೇಲೆ ಎತ್ತಿಟ್ಟರು. ಕೌಸಲ್ಯಾ ಅವರ ಹಿಂದೆ ಬಂದು ಪರದೆಯ ಮರೆಯಲ್ಲೇ ನಿಂತಳು. ಹಾರ, ಶಾಲು ಎಲ್ಲ ಆದ ಮೇಲೆ ಮಂಜೂರ್ ಮೈಕನ್ನು ಅವರ ಬಾಯಿಯ ಹತ್ತಿರ ಹಿಡಿದ. ಸರ್, ಜನ ನಿಮ್ಮ ಜುಟ್ಟಿಯನ್ನು ನೋಡಬೇಕು ಅಂತಿದ್ದಾರೆ ಎಂದ. ಕಶ್ಯಪ್ ಮುಂದಿನ ಸಾಲಿನಿಂದ ಅಕ್ಕನಿಗೆ ಹೋಗು ಹೋಗು ಎಂದು ಕೈ ಮಾಡುತ್ತಿದ್ದ.

ಸೇತುರಾಮರು ಎಡಗೈಯನ್ನು ಪಕ್ಕದಲ್ಲಿ ನಿಂತಿದ್ದ ಸಂಯುಕ್ತಾಳ ತಲೆಯ ಮೇಲಿಟ್ಟರು.

“ಜುಟ್ಟಿ ಇವಳು,” ಎಂದರು. “ನನ್ನ ಮಗಳು ಬೇರೆ. ಅವಳ ಹೆಸರು ಕೌಸಲ್ಯಾ. ಅವಳಿಗೆ ತುಮಕೂರಿಗೆ ಮ್ಯಾನೇಜರ್ ಅಂತ ಆಗಿದೆ. ಮುಂದಿನ ತಿಂಗಳು ಹೋಗ್ತಾಳೆ.”

ದನಿಯಲ್ಲಿ ಮುನಿಸು ಹೋಗಿರಲಿಲ್ಲ. ಕಾರ್ಟೂನಿಸ್ಟರ ತಮಾಷೆಯೆಂದುಕೊಂಡು ಸಭೆ ಗೊಳ್ಳೆಂದು ನಕ್ಕಿತು, ಚಪ್ಪಾಳೆ ಹೊಡೆಯಿತು. ಮುಂದಿನ ಸಾಲಿನಲ್ಲಿ ಕಶ್ಯಪನ ಕೈ ಗಾಳಿಯಲ್ಲೇ ನಿಂತಿತ್ತು.

ವಾಪಸ್ ಬರುವಾಗ ಕಾರಿನಲ್ಲಿ ಹಾರದ ಮಲ್ಲಿಗೆ ವಾಸನೆ. ಸೇತುರಾಮರು ಮುಂದೆ ಕೂತಲ್ಲೇ ನಿದ್ದೆಹೋಗಿದ್ದರು. ಹಿಂದೆ ಹೆಂಗಸರಿಬ್ಬರು. ಇನ್ನೂ ಬೆಳಕಿತ್ತು. ಕಾರು ಜಕ್ಕೂರು ದಾಟಿತು.

“ನನಗೆ ಹೇಳ್ಬೇಕಿತ್ತಕ್ಕ,” ಎಂದ ಕಶ್ಯಪ್, ರಸ್ತೆಯನ್ನೇ ನೋಡುತ್ತ.

“ಹೇಳಿದ್ರೆ ನೀನು ಬೇಡ ಅಂತಿದ್ದೆ.”

ಅವನು ಇಲ್ಲವೆನ್ನಲಿಲ್ಲ. ಮುಂದಿನ ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿ, ಪಕ್ಕಕ್ಕೆ ವಾಲಿದ್ದ ಅಪ್ಪನ ತಲೆಯನ್ನು ಎತ್ತಿ ಸೀಟಿಗೆ ಒರಗಿಸಲು ನೋಡಿದ. ತಲೆ ಮತ್ತೆ ವಾಲಿತು. ಕುತ್ತಿಗೆ ಕೆಳಗೆ ಟವೆಲ್ ಸುತ್ತಿ ಇಡಬೇಕು, ಹಾಗೆ ನಿಲ್ಲುವುದಿಲ್ಲ ಎಂದು ಕೌಸಲ್ಯಾ ಹಿಂದಿನಿಂದ ಟವೆಲ್ ಕೊಟ್ಟಳು. ಅವನು ಸುತ್ತಿ ಇಟ್ಟ. ತಲೆ ನಿಂತಿತು.

ರಂಜನಿ ಚೀಲದಿಂದ ಫೋನು ತೆಗೆದು, ಬರೆದುಕೊಳ್ಳುವ ಪುಟ ತೆರೆದು, ಅತ್ತಿಗೆಯ ಕಡೆ ತಿರುಗಿದಳು.

“ಹೇಳಿ ಅಕ್ಕ. ಬೆಳಿಗ್ಗೆ ಎದ್ದ ತಕ್ಷಣ ಮೊದಲು ಏನು?”

ಕೌಸಲ್ಯಾ ಕಣ್ಣು ಮುಚ್ಚಿ ಸೀಟಿಗೊರಗಿ, ಐದೂವರೆಯ ಬಿಸಿನೀರಿನಿಂದ ಶುರುಮಾಡಿದಳು.